ಲೆಕ್ಕಕ್ಕುಂಟು, ಆಟಕ್ಕಿಲ್ಲ

(ಅಂತಿಮ ಬಿ.ಎ. ವರ್ಗದ ವಿದ್ಯಾರ್ಥಿಯೊಬ್ಬ)

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಓಣಿಯ ಹುಡುಗರು ಕೂಡಿ ಆಡುತ್ತಿರುವಾಗ ನಾಲ್ಕೈದು ವರ್ಷದ ಪೋರನೊಬ್ಬ ಬಂದು ತನ್ನನ್ನೂ ಸೇರಿಸಿಕೊಳ್ಳಬೇಕೆಂದು ರಚ್ಚೆ ಹಿಡಿಯುವನು. ಸೇರಿಸಿಕೊಂಡರೆ ಆಟ ಕೆಡುವದು; ಬಿಟ್ಟರೆ ಅವನ ತಾಯಿ ಬೈಯುವಳು. ಆಗ ಹುಡುಗರೇ ಒಂದು ಒಪ್ಪಂದಕ್ಕೆ ಬರುವರು. ಅವನು ಎಲ್ಲರೊಡನೆ ಓಡಬಹುದು, ಕೂಗಬಹುದು, ಮುಟ್ಟಿಸಿಕೊಂಡರೂ ಔಟಾಗಲಾರ, ಅವನಿಂದ ಯಾವ ಪಕ್ಷಕ್ಕೂ ಲಾಭವಿಲ್ಲ, ನಷ್ಟವೂ ಇಲ್ಲ. ಯಾವ ಪುಸ್ತಕದಲ್ಲಿಯೂ ಬರೆದಿರದ ಈ ನಿಯಮವನ್ನು ನಮ್ಮ ಹಳ್ಳಿಯ ಮಕ್ಕಳು ತಾವೇ ಮಾಡಿಕೊಂಡಿದ್ದಾರೆ. ಮನುಷ್ಯನಿಗಾಗಿ ಆಟವು ತುಸು ಬಾಗಬಲ್ಲುದು ಎಂಬ ತಿಳಿವಳಿಕೆ ಅವರಿಗಿದೆ.

ಈ ಮಾತನ್ನೇ ತಿರುವುಮುರುವು ಮಾಡಿ ಹೇಳಬೇಕಾದ ಜನರೂ ನಮ್ಮ ನಡುವೆ ಇದ್ದಾರೆ. ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರ ಸಂಖ್ಯೆ ೨.೬೮ ಕೋಟಿ; ನಮ್ಮ ಕರ್ನಾಟಕದಲ್ಲಿಯೇ ೧೩,೨೪,೨೦೫. ಮಾಸಾಶನದ ಯಾದಿಯಲ್ಲಿ ಅವರ ಹೆಸರುಂಟು. ಪ್ರವೇಶಪತ್ರದಲ್ಲಿ ಗುರುತು ಹಾಕಲು ಒಂದು ಚೌಕ ಉಂಟು. ಬಸ್ಸಿನ ರಿಯಾಯತಿ ಪಾಸಿನಲ್ಲಿ ಭಾವಚಿತ್ರವುಂಟು. ಸರಕಾರವು ಅವರನ್ನು ‘ವಿಕಲಚೇತನರು’ ಎಂದು ಕರೆಯುತ್ತದೆ. (ವಿಕಲವಾದದ್ದು ಅಂಗವೇ ಹೊರತು ಚೇತನವಲ್ಲವೆಂದು ನನಗೆ ತೋರುವದರಿಂದ ಈ ಲೇಖನದಲ್ಲಿ ನಾನು ಹಳೆಯ ಮಾತನ್ನೇ ಉಳಿಸಿಕೊಂಡಿದ್ದೇನೆ.) ಹೀಗೆ ಎಲ್ಲ ಯಾದಿಗಳಲ್ಲಿಯೂ ಇರುವವರು ಸಂಜೆ ಐದು ಗಂಟೆಗೆ ನಮ್ಮ ಬಯಲುಗಳಲ್ಲಿ ಮಾತ್ರ ಕಾಣಿಸುವದಿಲ್ಲ. ಕಾಣಿಸಿದರೂ ಅಂಚಿನ ಕಟ್ಟೆಯ ಮೇಲೆ.

ಇದರಲ್ಲಿ ಒಂದು ವಿಚಿತ್ರವಿದೆ. ನಮ್ಮ ಆಟಗಳ ಹೆಸರನ್ನೇ ನೋಡಿರಿ: ಕುಂಟಾಟ, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ. ಎರಡೂ ಕಾಲು ನೆಟ್ಟಗಿರುವ ಹುಡುಗಿಯು ಒಂದನ್ನು ಮಡಚಿಕೊಂಡು ಕುಂಟುತ್ತಾಳೆ; ಕಣ್ಣು ಚೆನ್ನಾಗಿರುವ ಹುಡುಗನು ಬಟ್ಟೆ ಕಟ್ಟಿಸಿಕೊಂಡು ತಡಕಾಡುತ್ತಾನೆ. ನಾಗರ ಪಂಚಮಿಯಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಹೂಡುವ ಪಂದ್ಯಗಳೂ ಇಂಥವೇ. ಕಣ್ಣು ಕಟ್ಟಿಕೊಂಡು ಗುಡಿಯ ತನಕ ನಡೆಯಬೇಕು. ಒಂಟಿಗಾಲಿನಿಂದ ಅಗಸಿಯ ತನಕ ಹೋಗಬೇಕು. ಇಷ್ಟೇ ಎಸೆತಗಳಲ್ಲಿ ನಿಂಬೆಹಣ್ಣನ್ನು ಊರಾಚೆ ಮುಟ್ಟಿಸಬೇಕು. ಇಂಡಿ ಸೀಮೆಯ ನಿಂಬೆಗೆ ಊರೂರಿನಲ್ಲಿ ಹೆಸರಿದೆ. ಪಂಚಮಿಯ ದಿನ ಅದಕ್ಕೆ ಇನ್ನೊಂದು ಉಪಯೋಗ! ಹೀಗೆ ಕುಂಟುವದೂ ಕಾಣದಿರುವದೂ ನಮಗೆ ಆಟವೇ, ಅದು ಸುಳ್ಳಾಗಿರುವ ತನಕ. ನಿಜವಾಗಿ ಕುಂಟುವವನು, ನಿಜವಾಗಿ ಕಾಣದವನು ಬಂದೊಡನೆ ನಮಗೆ ಆಟ ಮರೆತು ಕನಿಕರ ಉಕ್ಕುವದು. ವಾಸ್ತವದಲ್ಲಿ ಕಣ್ಣು ಕಟ್ಟಿದ ಪಂದ್ಯದಲ್ಲಿ ಹುಟ್ಟಾ ಕಣ್ಣಿಲ್ಲದವನು ನಮ್ಮೆಲ್ಲರನ್ನೂ ಸೋಲಿಸಬಲ್ಲನು. ಅವನನ್ನು ನಾವು ಪಂದ್ಯಕ್ಕೆ ಕರೆಯುವದೇ ಇಲ್ಲ.

ನನ್ನ ಕಾಕಾನ ಸಂಗತಿಯನ್ನು ಇಲ್ಲಿ ಹೇಳಬಹುದು. ಎರಡು ವರ್ಷದವನಿರುವಾಗ ಪೋಲಿಯೋ ಬಂದು ಅವನ ಬಲಗಾಲು ಸೊರಗಿತು. (೨೦೧೪ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು, ಕಾಕಾನ ಕಾಲಿಗೆ ಅದು ಬಹಳ ತಡವಾಯಿತು.) ಅವನು ಹುಡುಗನಾಗಿದ್ದಾಗ ಊರಿನಲ್ಲಿ ಕ್ರಿಕೆಟ್ ಹುಚ್ಚು ಆಗತಾನೆ ಹಬ್ಬಿತ್ತು. ಜೋಳ ಕಿತ್ತ ಮೇಲೆ ಹೊಲವೇ ಮೈದಾನ. ಎಲ್ಲರೊಡನೆ ಕಾಕಾನೂ ಹೋಗುವನು. ಹೋದೊಡನೆ ಯಾರಾದರೊಬ್ಬರು, “ಏ ತಮ್ಮಾ, ನೀ ಅಲ್ಲಿ ಬೇವಿನ ಗಿಡದ ಕೆಳಗ ಕುಂದರು, ರನ್ ಬರಕೋ” ಎನ್ನುವರು. ಹತ್ತು ಹನ್ನೆರಡು ವರ್ಷ ಅವನು ಊರಿನ ರನ್ನುಗಳನ್ನೆಲ್ಲ ಬರೆದನು. ಆ ವಹಿಗಳು ಈಗಲೂ ನಮ್ಮ ಮನೆಯ ಮಾಡದಲ್ಲಿ ಇವೆ. ಯಾರು ಎಷ್ಟು ಹೊಡೆದರು, ಯಾರು ಸೊನ್ನೆಗೆ ಔಟಾದರು ಎಂಬುದೆಲ್ಲ ಅಲ್ಲಿ ಸಿಗುವದು; ಬರೆದವನ ಹೆಸರೊಂದು ಬಿಟ್ಟು. ಅವನ ತೋಳುಗಳು ಎಂಥವೆಂದರೆ ಕುಳಿತಲ್ಲಿಂದಲೇ ಜೋಳದ ಚೀಲವನ್ನು ಬಂಡಿಗೆ ನೂಕಬಲ್ಲನು. ಹೋದ ವರ್ಷ ನಾನು, “ಕಾಕಾ, ನಿನಗ ಆಡಬೇಕಂತ ಅನಸ್ತಿರಲಿಲ್ಲೇನು?” ಎಂದು ಕೇಳಿದೆ. ಅವನು ಹೊಲಿಗೆಯ ಯಂತ್ರವನ್ನು ನಿಲ್ಲಿಸಿ, “ಯಾರರ ಆಡಂತ ಕರದಿದ್ರ ಹೇಳತಿದ್ದೆ” ಎಂದನು.

ನಮ್ಮ ಮನೆತನದಲ್ಲಿ ಪದವಿಯ ತನಕ ಬಂದವನು ನಾನೇ ಮೊದಲಿಗನು. ಓದಿನಿಂದ ಏನು ಲಾಭವೆಂದು ಮನೆಯವರು ಕೇಳಿದಾಗಲೆಲ್ಲ ನೌಕರಿಯ ಮಾತನ್ನೇ ಹೇಳುತ್ತ ಬಂದಿದ್ದೇನೆ. ಆದುದರಿಂದ ‘ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆಯೇ?’ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನನಗೆ ಅರ್ಥವಾಗದೆ ಇಲ್ಲ. ಅಂಗವಿಕಲರಿಗೆ ಮೊದಲು ಉದ್ಯೋಗ, ಮಾಸಾಶನ, ಚಿಕಿತ್ಸೆ ಬೇಕು. ಆಟ ಆಮೇಲೆ ನೋಡೋಣ ಎನ್ನುವವರು ನಮ್ಮ ಉಪನ್ಯಾಸಕ ವರ್ಗದಲ್ಲಿಯೂ ಇರಬಹುದು. ಆದರೆ ಆ ‘ಆಮೇಲೆ’ ಎಂದಿಗೂ ಬರುವದಿಲ್ಲ. ನಮಗಾದರೂ ಹೊಟ್ಟೆ ತುಂಬಿದ ಮೇಲೆಯೇ ಆಟ ಬಂತೇ? ಬರಗಾಲದ ವರ್ಷದಲ್ಲಿಯೂ ನಮ್ಮ ಜಾತ್ರೆಯ ಕುಸ್ತಿ ನಿಂತಿಲ್ಲ. ಆಟದಲ್ಲಿ ಹುಡುಗನು ಕಲಿಯುವದು ಬರಿ ಓಟವನ್ನಲ್ಲ. ಹೆಗಲ ಮೇಲೆ ಕೈ ಹಾಕುವ ಗೆಳೆಯರನ್ನು ಅವನು ಅಲ್ಲಿ ಸಂಪಾದಿಸುತ್ತಾನೆ. ಮುಂದೆ ನೌಕರಿಯ ಸುದ್ದಿ ಹೇಳುವವರೂ ಮದುವೆಯ ಮಾತು ತರುವವರೂ ಅವರೇ. ಕಟ್ಟೆಯ ಮೇಲೆ ಕುಳಿತವನಿಗೆ ಆ ಬಳಗವೇ ತಪ್ಪಿಹೋಗುವದು.

ಕಲಿಸುವವರು ಮುಂದೆ ಬಂದರೆ ಏನಾಗಬಲ್ಲುದೆಂಬುದಕ್ಕೆ ನಮ್ಮ ಉತ್ತರ ಕರ್ನಾಟಕವೇ ಸಾಕ್ಷಿ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದವರಿಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಹೇಳಿಕೊಟ್ಟರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರಂತೆಯೇ ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳು ೨೦೧೦ರ ತನಕ ಆ ಕಾರ್ಯವನ್ನು ನಡೆಸಿದರು. ಇಂದು ಕಣ್ಣಿಲ್ಲದವನು ಹಾರ್ಮೋನಿಯಂ ಮುಂದೆ ಕುಳಿತರೆ ನಮ್ಮ ಕಡೆ ಯಾರಿಗೂ ಆಶ್ಚರ್ಯವಿಲ್ಲ. ಕೈ ಮುಗಿದು ಕೇಳುತ್ತೇವೆ. ಅದೇ ಅವನು ಬ್ಯಾಟು ಹಿಡಿದರೆ ನಗುತ್ತೇವೆ. ಸಂಗೀತಕ್ಕೆ ಕಣ್ಣು ಬೇಡ, ಕ್ರಿಕೆಟಿಗೆ ಬೇಕು ಎಂದು ವಾದಿಸುವವರುಂಟು. ಅವರು ತುಸು ತಾಳ್ಮೆಯಿಂದ ಮುಂದಿನ ಸಂಗತಿಯನ್ನು ಓದಬೇಕು.

ಅಂಧರ ಕ್ರಿಕೆಟಿನಲ್ಲಿ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಸಣ್ಣ ಲೋಹದ ಗುಂಡುಗಳಿರುವವು. ಉರುಳಿದರೆ ಗಿಲಕಿಯಂತೆ ಸಪ್ಪಳವಾಗುವದು. ಬೌಲರನು ಕೈಯನ್ನು ಭುಜದ ಮೇಲೆತ್ತದೆ ಕೆಳಗಿನಿಂದಲೇ ಎಸೆಯಬೇಕು. ಚೆಂಡು ಪಿಚ್ಚಿನ ಅರ್ಧಕ್ಕಿಂತ ಈಚೆಗೇ ನೆಲಕ್ಕೆ ಬಡಿಯಬೇಕು. ಎಸೆಯುವ ಮೊದಲು ಸಿದ್ಧನಿರುವೆಯಾ ಎಂದು ಬ್ಯಾಟುಗಾರನನ್ನು ಕೂಗಿ ಕೇಳಬೇಕು; ಉತ್ತರ ಬಂದ ಮೇಲೆ ‘ಪ್ಲೇ’ ಎಂದು ಕೂಗಿಯೇ ಚೆಂಡು ಬಿಡಬೇಕು. ಸ್ಟಂಪುಗಳು ಲೋಹದವು, ಬಿದ್ದರೆ ಖಣಿಲ್ ಎನ್ನುವವು. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಉಳಿದವರು ಮಸುಕಾಗಿ ಕಾಣುವವರು. ಪೂರ್ಣ ಅಂಧನು ಹೊಡೆದ ಒಂದು ರನ್ನಿಗೆ ಎರಡು ರನ್ನು ಲೆಕ್ಕ! ಒಮ್ಮೆ ನೆಲಕ್ಕೆ ಪುಟಿದ ಚೆಂಡನ್ನು ಅವನು ಹಿಡಿದರೂ ಎದುರಾಳಿ ಔಟು. ಹೀಗೆ ತಂಡಕ್ಕೆ ಅವನು ಭಾರವಾಗದೆ ಬೇಕಾದವನಾಗುತ್ತಾನೆ; ನಾಯಕನು ಅವನನ್ನು ದಯೆಯಿಂದ ಅಲ್ಲ, ಗೆಲ್ಲುವ ಆಸೆಯಿಂದ ಕಣಕ್ಕಿಳಿಸುತ್ತಾನೆ. ಈ ನಿಯಮವನ್ನು ಬರೆದವರು ಯಾರೇ ಇರಲಿ, ನಮ್ಮ ಓಣಿಯ ಹುಡುಗರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು. ಅದೂ ದುಪ್ಪಟ್ಟು ಲೆಕ್ಕ.

ಈ ಆಟದಲ್ಲಿ ನಮ್ಮ ರಾಜ್ಯದವರು ಹಿಂದೆ ಬಿದ್ದಿಲ್ಲ. ೨೦೧೨ರಲ್ಲಿ ಅಂಧರ ಮೊದಲನೆಯ ಟಿ-೨೦ ವಿಶ್ವಕಪ್ಪು ಬೆಂಗಳೂರಿನಲ್ಲಿ ನಡೆದು ಭಾರತವು ಪಾಕಿಸ್ತಾನವನ್ನು ಸೋಲಿಸಿದಾಗ ನಾಯಕನಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕ. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ೨೦೨೫ರ ನವೆಂಬರಿನಲ್ಲಿ ಅಂಧ ಮಹಿಳೆಯರ ಮೊದಲನೆಯ ಟಿ-೨೦ ವಿಶ್ವಕಪ್ಪನ್ನು ಕೊಲಂಬೋದಲ್ಲಿ ನೇಪಾಳವನ್ನು ಸೋಲಿಸಿ ಭಾರತವು ಗೆದ್ದಿತು. ನಾಯಕಿ ಕರ್ನಾಟಕದ ಪರವಾಗಿ ಆಡುವ ದೀಪಿಕಾ ಟಿ.ಸಿ. ನಮ್ಮ ಹಳ್ಳಿಗಳಲ್ಲಿ ಕಣ್ಣಿಲ್ಲದ ಹೆಣ್ಣುಮಗಳನ್ನು ಬಾಗಿಲ ಹೊರಗೆ ಕಳಿಸಲಿಕ್ಕೂ ತಾಯಿತಂದೆಗಳು ಅಂಜುವರು. ಅಂಜಿಕೆ ಸುಳ್ಳಲ್ಲ. ಆದರೂ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಎಂಬ ಅಂಧ ತರುಣಿಯು ೧,೫೦೦ ಮೀಟರ್ ಓಟದಲ್ಲಿ ಏಶಿಯನ್ ಪ್ಯಾರಾ ಕ್ರೀಡೆಗಳ ಬಂಗಾರವನ್ನು ೨೦೧೮ರಲ್ಲಿಯೂ ೨೦೨೩ರಲ್ಲಿಯೂ ತಂದಳೆಂಬುದು ಅಷ್ಟೇ ನಿಜ. ಅವಳ ಪಕ್ಕದಲ್ಲಿ ಮಾರ್ಗದರ್ಶಕ ಓಟಗಾರನೊಬ್ಬ ಓಡುತ್ತಾನೆ. ಇಬ್ಬರ ಕೈಗಳ ನಡುವೆ ಒಂದು ತುಂಡು ದಾರ. ಆ ದಾರಕ್ಕೆ ಎಷ್ಟು ದುಡ್ಡು ಬಿದ್ದೀತು?

ಈ ವಿಚಾರ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಗಾಯಾಳುಗಳ ನಡುವೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್‌ರು ೧೯೪೮ರ ಜುಲೈ ೨೯ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಬೆನ್ನುಹುರಿಗೆ ಪೆಟ್ಟು ಬಿದ್ದ ೧೬ ಜನ ಯೋಧರಿಗೆ ಬಿಲ್ಲುಗಾರಿಕೆಯ ಪಂದ್ಯ ಏರ್ಪಡಿಸಿದರು. ಅದೇ ಬೆಳೆದು ೧೯೬೦ರಲ್ಲಿ ರೋಮಿನ ಪ್ಯಾರಾಲಿಂಪಿಕ್ ಆಯಿತು. ಅಲ್ಲಿ ಭಾರತಕ್ಕೆ ಮೊದಲನೆಯ ಬಂಗಾರ ತಂದವರು ದೂರದವರಲ್ಲ; ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಮುರಲಿಕಾಂತ ಪೇಟಕರ. ೧೯೬೫ರ ಯುದ್ಧದಲ್ಲಿ ಗುಂಡೇಟು ತಿಂದ ಈ ಸೈನಿಕರು ೧೯೭೨ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ೫೦ ಮೀಟರ್ ಈಜಿನಲ್ಲಿ ಗೆದ್ದರು. ಪದ್ಮಶ್ರೀ ಬಂದದ್ದು ೨೦೧೮ರಲ್ಲಿ, ೪೬ ವರ್ಷದ ಮೇಲೆ! ಇಂಡಿಯ ಗಡಿಗೆ ಹೊಂದಿರುವ ಸೊಲ್ಲಾಪುರ ಜಿಲ್ಲೆಯ ಸುಯಶ ಜಾಧವ ಬಾಲ್ಯದಲ್ಲಿ ವಿದ್ಯುತ್ ತಗುಲಿ ಎರಡೂ ಕೈ ಕಳೆದುಕೊಂಡವರು. ಅವರೂ ಈಜುಗಾರರೇ, ೨೦೧೮ರ ಏಶಿಯನ್ ಪ್ಯಾರಾ ಕ್ರೀಡೆಗಳಲ್ಲಿ ಬಂಗಾರ ಗೆದ್ದವರು. ನಮ್ಮ ರಾಜ್ಯದಲ್ಲಿ ಮಾಲತಿ ಹೊಳ್ಳ, ೨೦೧೨ರ ಲಂಡನ್ನಿನಲ್ಲಿ ೧.೭೪ ಮೀಟರ್ ಜಿಗಿದು ಆ ಸಲದ ಭಾರತದ ಏಕೈಕ ಪದಕ ತಂದ ಹಾಸನ ಜಿಲ್ಲೆಯ ಗಿರೀಶ, ಹೀಗೆ ಹೆಸರುಗಳು ಬಹಳ. ೨೦೨೪ರ ಪ್ಯಾರಿಸ್ಸಿನಲ್ಲಿ ಭಾರತಕ್ಕೆ ೨೯ ಪದಕ ಬಂದವು.

ಪದಕಗಳ ಯಾದಿಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ನಿಜ ಹೇಳಬೇಕೆಂದರೆ ಆ ಯಾದಿಯ ಬಗ್ಗೆ ನನಗೆ ತುಸು ಭಯವೇ ಇದೆ. ಪತ್ರಿಕೆಯಲ್ಲಿ ಅವರ ಭಾವಚಿತ್ರ ನೋಡಿ, ‘ನೋಡು, ಅವರು ಸಾಧಿಸಿದರು, ಮನಸ್ಸು ಮಾಡಿದರೆ ಇವನಿಗೇನು ಧಾಡಿ?’ ಎಂದು ಕಟ್ಟೆಯ ಮೇಲಿನವನನ್ನೇ ನಾವು ಬೈಯತೊಡಗುತ್ತೇವೆ. ಕಾಲು ನೆಟ್ಟಗಿರುವ ನಾನು ಆಟದಲ್ಲಿ ಏನನ್ನೂ ಸಾಧಿಸಿಲ್ಲ. ಆದರೂ ದಿನಾಲು ಸಂಜೆ ವಾಲಿಬಾಲ್ ಆಡಿ ಬೆವರು ಒರೆಸಿಕೊಂಡು ಮನೆಗೆ ಹೋಗುತ್ತೇನೆ. ಯಾರೂ ನನ್ನಿಂದ ಪದಕ ಕೇಳಿಲ್ಲ. ಅಂಗವಿಕಲನಿಗೆ ಮಾತ್ರ ಆಟವಾಡಲು ಸಾಧಕನಾಗುವ ಕರಾರು ಏಕೆ? ಸಾಧಾರಣ ಆಟಗಾರನಾಗಿ ಕೆಟ್ಟದಾಗಿ ಆಡುವ ಸುಖವೂ ಒಂದುಂಟು. ಅದು ಅವನಿಗೂ ಸಿಗಬೇಕು.

ಅದು ಎಲ್ಲಿ ಸಿಕ್ಕೀತು? ಈಜುಕೊಳ, ತರಬೇತುದಾರರು, ಆಯ್ಕೆಯ ಪಂದ್ಯಗಳು ಬಹುಮಟ್ಟಿಗೆ ಬೆಂಗಳೂರಿನ ಸುತ್ತ. ನಮ್ಮ ಜಿಲ್ಲಾ ಕ್ರೀಡಾಂಗಣವೇ ಇಂಡಿ, ಸಿಂದಗಿಯವರಿಗೆ ಐವತ್ತು ಅರವತ್ತು ಕಿಲೋಮೀಟರು. ಬಸವನ ಬಾಗೇವಾಡಿಗೆ ತುಸು ಹತ್ತಿರ, ಮುದ್ದೇಬಿಹಾಳಕ್ಕೆ ಎಂಬತ್ತರ ಸಮೀಪ. ಅಂಗವಿಕಲರ ರಿಯಾಯತಿ ಪಾಸು ನೂರು ಕಿಲೋಮೀಟರಿನ ತನಕ ನಡೆಯುವದಾದ್ದರಿಂದ ಕಾಗದದ ಮೇಲೆ ಎಲ್ಲರೂ ವಿಜಯಪುರ ಮುಟ್ಟಬಲ್ಲರು. ಆದರೆ ಆ ಬಸ್ಸಿನ ಮೊದಲನೆಯ ಮೆಟ್ಟಿಲಿನ ಎತ್ತರವನ್ನು ಊರುಗೋಲು ಹಿಡಿದವನ ಹತ್ತಿರ ಕೇಳಬೇಕು. ಸಂಜೆಯ ಒಂದು ತಾಸಿನ ಆಟಕ್ಕಾಗಿ ಯಾರು ಈ ಪ್ರಯಾಣ ಮಾಡಿಯಾರು? ಆಟವು ಇರುವಲ್ಲಿಗೆ ಅವನು ಹೋಗಲಾರ. ಅವನಿರುವಲ್ಲಿಗೆ ಆಟ ಬರಬೇಕು. ಅಂದರೆ ನಮ್ಮ ತಾಲೂಕಿನ ಬಯಲಿಗೆ, ನಮ್ಮ ಕಾಲೇಜಿನ ಅಂಗಳಕ್ಕೆ.

ಈಗ ನಮ್ಮಲ್ಲಿ ಇರುವದೆಂದರೆ ವರ್ಷಕ್ಕೊಂದು ದಿನ. ಡಿಸೆಂಬರ್ ೩ ವಿಶ್ವ ಅಂಗವಿಕಲರ ದಿನ. ಅದರ ಸುಮಾರಿಗೆ ಇಲಾಖೆಗಳು ಕ್ರೀಡೆಗಳನ್ನು ಏರ್ಪಡಿಸುವವು. ಅಂಥದೊಂದು ಕೂಟಕ್ಕೆ ನಾನೂ ಸ್ವಯಂಸೇವಕನಾಗಿ ಹೋಗಿದ್ದೆ. ಯಾವ ಊರೆಂದು ಬೇಡ. ಭಾಷಣಗಳು ಹನ್ನೆರಡೂವರೆಗೆ ಮುಗಿದವು. ಆಮೇಲೆ ಬಿಸಿಲಿನಲ್ಲಿ ಮೂರು ಗಾಲಿಯ ಸೈಕಲ್ಲಿನ ಓಟ. ಮೊದಲು ಬಂದವನಿಗೂ ಸ್ಟೀಲಿನ ಡಬ್ಬಿ, ಕೊನೆಗೆ ಬಂದವನಿಗೂ ಸ್ಟೀಲಿನ ಡಬ್ಬಿ. ಸಂಘಟಕರ ಅಂತಃಕರಣ ದೊಡ್ಡದು, ಒಪ್ಪುತ್ತೇನೆ. ಆದರೆ ಮೊದಲು ಬಂದ ಆ ತರುಣನ ಮುಖ ನನಗೆ ಇನ್ನೂ ನೆನಪಿದೆ. ಅವನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಪಕ್ಕದವನ ಕೈಗೆ ಕೊಟ್ಟುಬಿಟ್ಟನು. ಸೋಲು ಇಲ್ಲದ ಕಡೆ ಗೆಲುವಾದರೂ ಎಲ್ಲಿಯದು? ಅವನನ್ನು ನಿಜವಾಗಿ ಗೌರವಿಸುವದಾದರೆ ಸೋಲುವ ಹಕ್ಕನ್ನೂ ಅವನಿಗೆ ಕೊಡಬೇಕು.

ಹಕ್ಕಿನ ಮಾತು ಬಂದುದರಿಂದ ಕಾಯಿದೆಯ ಮಾತನ್ನೂ ಹೇಳುತ್ತೇನೆ. ಇದನ್ನು ನಮ್ಮ ರಾಜ್ಯಶಾಸ್ತ್ರದ ವರ್ಗದಲ್ಲಿಯೂ ಚರ್ಚಿಸಬೇಕೆಂದು ನನ್ನ ಆಸೆ. ಭಾರತವು ೨೦೦೭ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ ೩೦ನೆಯ ವಿಧಿಯು ಅಂಗವಿಕಲರ ಸಾಂಸ್ಕೃತಿಕ ಜೀವನ, ಮನರಂಜನೆ, ವಿರಾಮ ಮತ್ತು ಕ್ರೀಡೆಗಳಿಗೇ ಮೀಸಲಾಗಿದೆ. ಅದಕ್ಕನುಸಾರವಾಗಿ ನಮ್ಮ ಸಂಸತ್ತು ಮಾಡಿದ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಅದರ ೩೦ನೆಯ ಕಲಮು ಕ್ರೀಡಾ ಸೌಕರ್ಯಗಳನ್ನು ಇವರಿಗೂ ಒದಗುವಂತೆ ಮರುರೂಪಿಸಬೇಕೆಂದು ಹೇಳುವದು. ಇದು ಎಲ್ಲಿಯೋ ದೂರದ ಕ್ರೀಡಾ ಪ್ರಾಧಿಕಾರಗಳ ಮಾತೆಂದು ನಾವು ಸುಮ್ಮನಿರಬಹುದಾಗಿತ್ತು. ಆದರೆ ೧೬ನೆಯ ಕಲಮಿನ ಮೊದಲನೆಯ ಅಂಶವೇ ನಮ್ಮಂಥ ಸಂಸ್ಥೆಗಳನ್ನು ಕುರಿತದ್ದು. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಅಂಗವಿಕಲರಿಗೆ ಭೇದವಿಲ್ಲದೆ ಪ್ರವೇಶ ಕೊಡಬೇಕು. ಇತರರಿಗೆ ಸಮನಾಗಿ ಶಿಕ್ಷಣವನ್ನಲ್ಲದೆ ಆಟ ಮತ್ತು ಮನರಂಜನೆಯ ಅವಕಾಶವನ್ನೂ ಕೊಡಬೇಕೆಂಬುದು ಅದರ ತಾತ್ಪರ್ಯ. ಪ್ರವೇಶದ ತನಕ ನಾವೆಲ್ಲ ಬಂದಿದ್ದೇವೆ. ವಾಕ್ಯದ ಉತ್ತರಾರ್ಧವನ್ನು ಇನ್ನೂ ಓದಬೇಕಾಗಿದೆ. ನಾನು ಕಲಿತ ಶಾಲೆಯೊಂದರಲ್ಲಿ ಆಟದ ತಾಸು ಬಂದೊಡನೆ ನನ್ನ ಅಂಧ ಸಹಪಾಠಿಯನ್ನು, ಬೀಳದಿರಲೆಂದು, ವರ್ಗದ ಕೋಣೆಯಲ್ಲಿಯೇ ಕೂಡಿಸುತ್ತಿದ್ದರು. ಅವನು ನಾವು ಕೂಗುವ ಸಪ್ಪಳದಿಂದಲೇ ಯಾರು ಗೆದ್ದರೆಂದು ಹೇಳಿಬಿಡುತ್ತಿದ್ದನು.

ಹಣವಿಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುವದು. ಆದುದರಿಂದ ಹಣವಿಲ್ಲದೆ ಆಗುವದನ್ನೇ ನಾನು ಮೊದಲು ಹೇಳುತ್ತೇನೆ. ಕುಳಿತು ಆಡುವ ವಾಲಿಬಾಲ್ ಎಂಬ ಆಟವಿದೆ. ಆಟಗಾರರೆಲ್ಲ ನೆಲದ ಮೇಲೆ ಕೂಡುವರು. ಚೆಂಡು ಹೊಡೆಯುವಾಗ ಸೊಂಟ ನೆಲ ಬಿಟ್ಟು ಏಳಕೂಡದು. ನಮ್ಮ ಬಲೆಯ ಎತ್ತರ ೨.೪೩ ಮೀಟರಿದ್ದರೆ ಅವರದು ಗಂಡಸರಿಗೆ ೧.೧೫, ಹೆಂಗಸರಿಗೆ ೧.೦೫, ಅಂಕಣ ೧೮ಕ್ಕೆ ೯ರ ಬದಲು ೧೦ಕ್ಕೆ ೬ ಮೀಟರು. ನಮ್ಮ ಕಾಲೇಜಿನ ಅದೇ ಬಲೆ, ಅದೇ ಚೆಂಡು; ಬಲೆಯನ್ನು ಕೆಳಗಿಳಿಸಿ ಕಟ್ಟಿ, ಕಲ್ಲು ಆರಿಸಿ ನಾಲ್ಕು ಬುಟ್ಟಿ ಉಸುಕು ಹರವಿದರೆ ತೀರಿತು. ಕಾಲಿದ್ದವರೂ ಇಲ್ಲದವರೂ ಒಂದೇ ಪಕ್ಷದಲ್ಲಿ ಆಡಬಹುದು. ನಾವು ನಾಲ್ವರು ಗೆಳೆಯರು ಒಂದು ದಿನ ಹೀಗೆ ಕುಳಿತು ಆಡಿ ನೋಡಿದೆವು. ಹತ್ತು ನಿಮಿಷಕ್ಕೆ ತೋಳು ಸೋತು ಹೋದವು. ನನ್ನ ಕಾಕಾನಂಥವನೊಬ್ಬ ಎದುರಿಗಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ!

ಇನ್ನು ನಮ್ಮ ಸೀಮೆಯ ಆಟಗಳು. ಕುಸ್ತಿಯಿಲ್ಲದ ಜಾತ್ರೆಯನ್ನು ವಿಜಯಪುರ ಜಿಲ್ಲೆಯಲ್ಲಿ ಹುಡುಕಬೇಕು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿಯೊಡನೆ ಭಾರ ಎತ್ತುವ ಪಂದ್ಯವೂ ಉಂಟು. ಪ್ಯಾರಾಲಿಂಪಿಕ್ಕಿನ ಜೂಡೋದಲ್ಲಿ ಸೆಣಸುವವರು ದೃಷ್ಟಿದೋಷವುಳ್ಳವರು; ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡ ಮೇಲೆಯೇ ಪಂದ್ಯ ಆರಂಭವಾಗುವದು. ಕೈಗೆ ಕೈ ಸಿಕ್ಕಮೇಲೆ ಕಣ್ಣಿನ ಕೆಲಸ ಅಷ್ಟರಲ್ಲಿಯೇ ಇದೆ ಎಂದು ನಮ್ಮ ಯಾವ ಪೈಲವಾನನಾದರೂ ಹೇಳಿಯಾನು. ಕಿವಿ ಕೇಳದ ಹರಿಯಾಣದ ವೀರೇಂದ್ರ ಸಿಂಗ್ ಕಿವುಡರ ಒಲಿಂಪಿಕ್ಸಿನಲ್ಲಿ ಬಂಗಾರ ಗೆದ್ದ ಪೈಲವಾನರು. ಅಂಥವರಿಗೆ ಬೇಕಾದದ್ದು ಇಷ್ಟೇ, ಪಂಚನು ಸಿಳ್ಳು ಊದುವ ಬದಲು ಬಾವುಟ ತೋರಿಸಬೇಕು ಇಲ್ಲವೆ ಭುಜ ಮುಟ್ಟಬೇಕು. ಕಾಲಿನ ಬಲವಿಲ್ಲದವರು ಹಲಗೆಯ ಮೇಲೆ ಮಲಗಿ ಭಾರ ಎತ್ತುವದು ಇಂದು ಜಗತ್ತಿನ ಮಾನ್ಯ ಕ್ರೀಡೆ. ಬೆಂಗಳೂರಿನ ಫರ್ಮಾನ್ ಬಾಷಾ ಅದರಲ್ಲಿಯೇ ಅರ್ಜುನ ಪ್ರಶಸ್ತಿ ಪಡೆದರು. ಗರಡಿಮನೆಯ ಮೂಲೆಯಲ್ಲಿ ಒಂದು ಗಟ್ಟಿ ಹಲಗೆಗೆ ಜಾಗವಿಲ್ಲವೇ? ಮಳೆಗಾಲಕ್ಕೆ ಅಳಗುಳಿ ಮಣೆಯಿದೆ. ಕುಳಿ ಮುಟ್ಟಿ, ಹುಣಸೆ ಬೀಜ ಎಣಿಸಿ ಆಡುವ ಈ ಆಟಕ್ಕೆ ಕಣ್ಣು ಬೇಕೇಬೇಕ್ಕೆಂದೇನೂ ಇಲ್ಲ. ಅಜ್ಜಿಯಂದಿರ ಆಟವೆಂದು ಅಟ್ಟಕ್ಕೆ ಹಾಕಿದ್ದೇವೆ.

ನಮ್ಮ ಜಿಲ್ಲೆಯಿಂದ ಹೊರಬಿದ್ದ ಸೈಕಲ್ ಸವಾರರ ಹೆಸರು ದೇಶದಲ್ಲೆಲ್ಲ ಇದೆ. ಹಾಗಿದ್ದಮೇಲೆ ಇಬ್ಬರು ತುಳಿಯುವ ಜೋಡಿ ಸೈಕಲ್ಲು ಇಲ್ಲಿಯೇ ಮೊದಲು ಬರಬೇಕಾಗಿತ್ತು. ಮುಂದೆ ಕಣ್ಣುಳ್ಳವನು, ಹಿಂದೆ ಅಂಧನು. ದಾರಿ ಒಬ್ಬನದು, ಬಲ ಇಬ್ಬರದು. ಪ್ಯಾರಾಲಿಂಪಿಕ್ಕಿನಲ್ಲಿ ಇದರ ಪಂದ್ಯವೇ ಇದೆ. ಎರಡು ಹಳೆಯ ಸೈಕಲ್ಲುಗಳನ್ನು ಬೆಸೆದು ಒಂದು ಮಾಡಬಲ್ಲ ಬೆಸುಗೆಯವರು ನಮ್ಮ ನಾಲ್ಕೂ ತಾಲೂಕುಗಳಲ್ಲಿ ಸಿಗಬಹುದು. ಕಬ್ಬಿನ ಟ್ರೇಲರು ಕಟ್ಟುವವರಿಗೆ ಇದು ಯಾವ ದೊಡ್ಡ ಕೆಲಸ? ಅಂಧರ ಕ್ರಿಕೆಟ್ಟಿನ ಚೆಂಡು ಸಿಗುವ ತನಕ ಫುಟ್‌ಬಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಆಡಿದರೂ ನಡೆದೀತು. ಉರುಳಿದಂತೆ ಅದು ಸರಸರನೆ ಸಪ್ಪಳ ಮಾಡುವದು. ಇವೆಲ್ಲಕ್ಕೂ ಬೇಕಾಗುವ ಅಲ್ಪ ಹಣಕ್ಕೂ ದಾರಿಯುಂಟು. ಗ್ರಾಮ ಪಂಚಾಯತಿ, ಪುರಸಭೆಗಳು ತಮ್ಮ ಹಣದಲ್ಲಿ ಶೇಕಡಾ ೫ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ; ಪಂಚಾಯತಿಗೊಬ್ಬರಂತೆ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆ ಹಣದಲ್ಲಿ ಒಂದು ಗಿಲಕಿ ಚೆಂಡು ಕೊಂಡರೆ ಯಾವ ಲೆಕ್ಕಪರಿಶೋಧಕನೂ ಆಕ್ಷೇಪಿಸಲಾರನೆಂದು ನಂಬಿದ್ದೇನೆ.

ಆಟವೆಂದರೆ ಬಯಲಿನದೇ ಆಗಬೇಕಿಲ್ಲ. ನಾವು ಪ್ರವಾಸ ಹೋಗುತ್ತೇವೆ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿಯೇ ಹೋಗಬೇಕು; ಹದಿನೇಳನೆಯ ಶತಮಾನದ ಕಟ್ಟಡವನ್ನು ಕೆಡವಿ ಇಳಿಜಾರು ಮಾಡಿರೆಂದು ನಾನು ಹೇಳಲಾರೆ. ಆದರೆ ಆ ಪ್ರತಿಧ್ವನಿಯನ್ನು ನಮಗಿಂತ ಹೆಚ್ಚು ಸವಿಯಬಲ್ಲವನು ಅಂಧನಲ್ಲವೇ? ಅವನಿಗೆ ಬೇಕಾದದ್ದು ಹೆಗಲೊಂದೇ. ಮೆಟ್ಟಿಲು ಏರಲಾರದವನಿಗೆ ಕೆಳಗಿನ ತೋಟವೂ ವಸ್ತುಸಂಗ್ರಹಾಲಯವೂ ಇವೆ. ಅಲ್ಲಿ ಅವನೊಡನೆ ಉಳಿಯುವ ಇಬ್ಬರು ಗೆಳೆಯರು ಬೇಕು. ‘ನಿನಗೆ ತ್ರಾಸಾಗುತ್ತದೆ, ನೀನು ಬರಬೇಡ’ ಎಂದು ಪ್ರವಾಸದ ಯಾದಿಯಿಂದ ಹೆಸರು ತೆಗೆಯುವದು ಸುಲಭ. ತ್ರಾಸು ಆಗಲಿ ಬಿಡಿರಿ. ಎರಡು ದಿನ ಬಸ್ಸಿನಲ್ಲಿ ಕುಳಿತು ನಮಗಾದರೂ ತ್ರಾಸಾಗುವದಿಲ್ಲವೇ?

ಈ ಸಂಚಿಕೆ ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ನಾನು ಪರೀಕ್ಷೆ ಬರೆದು ಊರು ಸೇರಿರುವೆನು. ಆದುದರಿಂದ ಜಿಮಖಾನಾ ನೋಡಿಕೊಳ್ಳುವ ಗುರುಗಳಲ್ಲಿಯೂ ಬರುವ ವರ್ಷದ ಕಾರ್ಯದರ್ಶಿಯಲ್ಲಿಯೂ ನನ್ನ ಬಿನ್ನಹವನ್ನು ಇಲ್ಲಿಯೇ ಬರೆದಿಡುತ್ತೇನೆ. ವಾರ್ಷಿಕ ಕ್ರೀಡಾಕೂಟದ ಪತ್ರಿಕೆಯಲ್ಲಿ ಕುಳಿತು ಆಡುವ ವಾಲಿಬಾಲಿಗೆ ಒಂದು ಸಾಲು ಇರಲಿ; ಅದು ‘ವಿಶೇಷ’ ಎಂಬ ತಲೆಬರಹದ ಕೆಳಗೆ ಬೇಡ, ಉಳಿದ ಪಂದ್ಯಗಳ ನಡುವೆಯೇ ಇರಲಿ. ಪ್ರತಿ ತಂಡದಲ್ಲಿ ಅಂಗವಿಕಲ ವಿದ್ಯಾರ್ಥಿಗಳು ಇಬ್ಬರಾದರೂ ಇರಬೇಕೆಂದು ನಿಯಮ ಮಾಡಿದರೆ ಅವರನ್ನು ಹುಡುಕಿಕೊಂಡು ನಾಯಕರೇ ಹೋಗುವರು. ಓಟದ ಪಂದ್ಯಕ್ಕೆ ಸಿಳ್ಳಿನ ಜೊತೆ ಒಂದು ಕೆಂಪು ಬಾವುಟ ಸಾಕು. ಅಂಧ ಓಟಗಾರರ ಜೊತೆಗೆ ದಾರ ಹಿಡಿದು ಓಡಲು ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರಿದ್ದಾರೆ. ಅವರೂ ದಿನಾಲು ಅಭ್ಯಾಸ ಮಾಡಬೇಕಾಗುವದು, ಏಕೆಂದರೆ ಹಿಂದೆ ಬಿದ್ದ ಮಾರ್ಗದರ್ಶಕನು ಓಟಗಾರನನ್ನೂ ಸೋಲಿಸುತ್ತಾನೆ. ಬಯಲಿನ ಗೇಟಿನ ಹತ್ತಿರ ಇರುವ ಒಂದೂವರೆ ಅಡಿಯ ಕಟ್ಟೆಯನ್ನು ಒಡೆದು ಇಳಿಜಾರು ಮಾಡಲು ಎರಡು ಚೀಲ ಸಿಮೆಂಟು ಸಾಕೆಂದು ನಮ್ಮೂರಿನ ಗೌಂಡಿ ಹೇಳಿದ್ದಾನೆ. ಉಸುಕು, ಖಡಿ ಊರಲ್ಲೇ ಸಿಗುವವು. ದಿನಗೂಲಿ ತಾನೇ ಬಿಡುತ್ತೇನೆಂದು ಕೂಡ ಅವನು ಅಂದಿದ್ದಾನೆ.